ಕೊಟ್ಟಿಗೆಗೂ ತೊಟ್ಟಿಲಿಗೂ ಬರುವ ಭೇದಿ

ಹೆಗ್ಗದ್ದೆಯ ಹೆಸರು ಹೊರಗಿನವರಿಗೆ ಗೊತ್ತಾದದ್ದು ರಸ್ತೆಯ ಸುದ್ದಿಯಿಂದ. ಹೆಗ್ಗದ್ದೆಯಿಂದ ಅಡ್ಡಹೊಳೆವರೆಗಿನ ಶಿರಾಡಿ ಘಾಟಿಗೆ 2015ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಕಾಂಕ್ರೀಟ್ ಹಾಕಿದಾಗ ತಿಂಗಳುಗಟ್ಟಲೆ ವಾಹನ ನಿಂತವು. ಬೆಂಗಳೂರು–ಮಂಗಳೂರು ಬಸ್ಸಿನಲ್ಲಿ ಓಡಾಡುವವರಿಗೆ ಅದು ಘಾಟಿ ಇಳಿಯುವ ಮೊದಲು ಕಿಟಕಿಯಲ್ಲಿ ಹಾದುಹೋಗುವ ಒಂದು ಬೋರ್ಡು, ಅಷ್ಟೆ. ಆ ಊರಿನ ಸುತ್ತ, ಸಕಲೇಶಪುರದಿಂದ ಆಲೂರಿನವರೆಗೆ ಹಬ್ಬಿದ ಗುಡ್ಡಗಳಲ್ಲಿ ಬಾಳುವವರ ಮಳೆಗಾಲದ ಚಿಂತೆಗಳು ಬೇರೆ. ಕಾಫಿಗೆ ಕೊಳೆರೋಗ ಬಂತೇ, ಆನೆ ಗದ್ದೆಗೆ ಇಳಿಯಿತೇ, ಕರೆಂಟು ಯಾವಾಗ ಬಂದೀತು, ಮೊನ್ನೆ ಹುಟ್ಟಿದ ಕರು ಉಳಿದೀತೇ. ಈ ಕೊನೆಯ ಚಿಂತೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಕಡಿಮೆ. ಕರು ಸತ್ತರೆ ಅದು ಆ ಮನೆಯ ನಷ್ಟ ಮಾತ್ರ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ.

ಮಲೆನಾಡಿನ ಕೊಟ್ಟಿಗೆಗಳಲ್ಲಿ ಇದು ಹೀಗೆ ಶುರುವಾಗುತ್ತದೆ. ಎಚ್‌ಎಫ್ ಮಿಶ್ರತಳಿಯ ಹಸು ಕರು ಹಾಕಿ ಏಳೆಂಟು ದಿನವಾಗಿರುತ್ತದೆ. ಅಲ್ಲಿಯವರೆಗೆ ಕುಣಿದಾಡುತ್ತಿದ್ದ ಕರು ಒಂದು ಬೆಳಿಗ್ಗೆ ಮೂಲೆ ಹಿಡಿದು ನಿಂತಿರುತ್ತದೆ. ಬಾಲದ ಬುಡ ಒದ್ದೆ, ಹಿಂಗಾಲಿಗೆ ಹಳದಿ ಭೇದಿ ಮೆತ್ತಿಕೊಂಡಿರುತ್ತದೆ. ಸಂಜೆಯ ಹೊತ್ತಿಗೆ ಅದು ನೀರಾಗುತ್ತದೆ, ಜೊತೆಗೆ ಲೋಳೆ. ಮಾರನೆಯ ದಿನ ಕಣ್ಣು ಗುಳಿಗೆ ಇಳಿಯುತ್ತದೆ, ಕಿವಿ ಮುಟ್ಟಿದರೆ ತಣ್ಣಗೆ. ಕತ್ತಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುತ್ತದೆ, ತಟ್ಟನೆ ಕೂರುವುದಿಲ್ಲ. ಮೈಯಲ್ಲಿ ನೀರು ಬತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪರೀಕ್ಷೆ ಬೇಡ. ಮನೆಯವರು ಮೊದಲು ಹಾಲು ನಿಲ್ಲಿಸುತ್ತಾರೆ, ಆಮೇಲೆ ಮೆಡಿಕಲ್ ಸ್ಟೋರಿನಿಂದ ಆಂಟಿಬಯಾಟಿಕ್ ತರುತ್ತಾರೆ. ಎರಡೂ ಕರುವಿನ ಉಪಕಾರಕ್ಕೆ ಬರುವುದಿಲ್ಲ.

ಮೊದಲ ಮೂರು–ನಾಲ್ಕು ದಿನಗಳಲ್ಲಿ ಬರುವ ಭೇದಿಗೆ ಹೆಚ್ಚಾಗಿ ಇ. ಕೋಲೈ ಬ್ಯಾಕ್ಟೀರಿಯ ಕಾರಣ. ಐದನೇ ದಿನ ದಾಟಿ ಮೂರನೇ ವಾರದವರೆಗೆ ಕಾಣುವ ಭೇದಿಯಲ್ಲಿ ರೋಟಾ ವೈರಸ್, ಕೊರೋನಾ ಜಾತಿಯ ವೈರಸ್ ಮತ್ತು ಕ್ರಿಪ್ಟೊಸ್ಪೊರಿಡಿಯಂ ಎಂಬ ಏಕಕೋಶ ಪರೋಪಜೀವಿ, ಈ ಮೂವರ ಪಾಲು ದೊಡ್ಡದು. ಮೂರನೆಯದರ ಒಂದು ಜಾತಿ ಕರುವಿನಲ್ಲೇ ನಿಲ್ಲುವುದಿಲ್ಲ. ಕೊಟ್ಟಿಗೆ ತೊಳೆದ ಕೈಯಿಂದ, ಸಗಣಿ ಮೆಟ್ಟಿದ ಚಪ್ಪಲಿಯಿಂದ, ಬಾವಿಗೆ ಇಳಿದ ಮಳೆನೀರಿನಿಂದ ಮನುಷ್ಯರ ಹೊಟ್ಟೆಗೂ ಬರುತ್ತದೆ. ಒಂದು ವಾರದ ಆಚೀಚೆ ಅದೇ ಮನೆಯ ಅಂಗನವಾಡಿ ಮಗುವಿಗೆ ನೀರುಭೇದಿ, ಹೊಟ್ಟೆನುಲಿತ, ಸಣ್ಣ ಜ್ವರ. ಎರಡು ದಿನ ಕಡಿಮೆಯಾದಂತೆ ಕಂಡು ಮತ್ತೆ ಬರುವುದು ಇದರ ಸ್ವಭಾವ. ಗಟ್ಟಿಮುಟ್ಟಾದವರಲ್ಲಿ ಒಂದೆರಡು ವಾರಕ್ಕೆ ತಾನೇ ಹೋಗುತ್ತದೆ. ಎರಡು ವರ್ಷದೊಳಗಿನ ಮಗುವಿಗೆ, ಅದರಲ್ಲೂ ಮೊದಲೇ ಸೊರಗಿದ ಮಗುವಿಗೆ ಅದು ಹಾಗೆ ಸುಮ್ಮನೆ ಹೋಗುವ ಕಾಯಿಲೆಯಲ್ಲ.

ಕರುವಿನ ಭೇದಿಗೆ ಪಶು ಆಸ್ಪತ್ರೆ, ಮಗುವಿನ ಭೇದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ. ಎರಡಕ್ಕೂ ಬೇರೆ ಇಲಾಖೆ, ಬೇರೆ ರಿಜಿಸ್ಟರು, ಬೇರೆ ಮೇಲಧಿಕಾರಿ. ಆರೋಗ್ಯ ಇಲಾಖೆಯ ರೋಗ ಕಣ್ಗಾವಲಿನಲ್ಲಿ ಮಗುವಿನ ಭೇದಿ ‘ತೀವ್ರ ಅತಿಸಾರ’ ಎಂಬ ಒಂದೇ ಕಾಲಮ್ಮಿಗೆ ಹೋಗಿ ಬೀಳುತ್ತದೆ. ಅದನ್ನು ತಂದ ಜೀವಿ ಯಾವುದು ಎಂದು ಆ ಕಾಲಮ್ಮು ಕೇಳುವುದಿಲ್ಲ. ಈ ರೋಗದ ವಿಷಯದಲ್ಲಿ ನಮ್ಮ ದೊಡ್ಡ ಕೊರತೆ ಔಷಧಿಯದ್ದಲ್ಲ, ಈ ಎರಡು ರಿಜಿಸ್ಟರುಗಳನ್ನು ಪಕ್ಕಪಕ್ಕ ಇಟ್ಟು ನೋಡದೇ ಇರುವುದು ಎಂಬುದು ನನ್ನ ದೃಢವಾದ ನಂಬಿಕೆ. ಹಾಸನ ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ, ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ ಪಶುವೈದ್ಯಕೀಯ ಕಾಲೇಜೂ ಇದೆ. ಒಂದೇ ಮನೆಯ ಎರಡು ಸೀಸೆ ಮಾದರಿ ಒಂದೇ ಊರಿನಲ್ಲಿ ಪರೀಕ್ಷೆಯಾಗುವುದಕ್ಕೆ ಬೇಕಾದ ಅನುಕೂಲ ಇಷ್ಟು ಹತ್ತಿರದಲ್ಲಿ ಎಲ್ಲ ಜಿಲ್ಲೆಗೂ ಇಲ್ಲ.

ಕ್ರಿಪ್ಟೊಸ್ಪೊರಿಡಿಯಂ ಜೀವಿಯನ್ನು ಮೊದಲು ವಿವರಿಸಿದವನು ಅಮೆರಿಕದ ಅರ್ನೆಸ್ಟ್ ಟೈಜರ್. 1907ರಲ್ಲಿ ಪ್ರಯೋಗಾಲಯದ ಇಲಿಗಳ ಜಠರದ ಗ್ರಂಥಿಗಳಲ್ಲಿ ಅದನ್ನು ನೋಡಿ ಬರೆದ. 1912ರಲ್ಲಿ ಇಲಿಯ ಸಣ್ಣ ಕರುಳಿನಲ್ಲಿ ಇನ್ನೂ ಚಿಕ್ಕದಾದ ಮತ್ತೊಂದು ಜಾತಿ ಸಿಕ್ಕಿತು, ಅದಕ್ಕೆ ಪಾರ್ವಮ್ ಎಂದು ಹೆಸರಿಟ್ಟ. ಅರ್ಧ ಶತಮಾನ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಾರಿಗೂ ತೊಂದರೆ ಕೊಡದ ಜೀವಿ ಎಂದೇ ಪಠ್ಯಗಳು ಹೇಳಿದವು. 1955ರಲ್ಲಿ ಟರ್ಕಿ ಕೋಳಿಮರಿಗಳ ಭೇದಿಯಲ್ಲಿ, 1971ರಲ್ಲಿ ಕಡಸೊಂದರ ಭೇದಿಯಲ್ಲಿ ಕಂಡಮೇಲೂ ಅದು ಪಶುವೈದ್ಯರ ವಿಷಯವಾಗಿ ಉಳಿಯಿತು. 1976ರಲ್ಲಿ ಅಮೆರಿಕದ ಟೆನೆಸೀ ರಾಜ್ಯದ ಮೂರು ವರ್ಷದ ಹೆಣ್ಣುಮಗುವೊಂದರ ಕರುಳಿನ ತುಣುಕಿನಲ್ಲಿ ಅದೇ ಜೀವಿ ಕಂಡಿತು. ಮನುಷ್ಯರಲ್ಲಿ ವರದಿಯಾದ ಮೊದಲ ಪ್ರಕರಣಗಳಲ್ಲಿ ಅದೊಂದು. ಮಗು ಬೆಳೆಯುತ್ತಿದ್ದದ್ದು ದನಕರುಗಳಿದ್ದ ಹೊಲಮನೆಯಲ್ಲಿ.

ಕ್ರಿಪ್ಟೊಸ್ಪೊರಿಡಿಯಂ ಬ್ಯಾಕ್ಟೀರಿಯ ಅಲ್ಲ, ವೈರಸ್ ಅಲ್ಲ, ಜಂತುಹುಳುವೂ ಅಲ್ಲ. ಮಲೇರಿಯಾದ ಪ್ಲಾಸ್ಮೋಡಿಯಂಗೆ ದೂರದ ದಾಯಾದಿ. ಹೊರಗಿನ ಲೋಕದಲ್ಲಿ ಅದು ಊಸಿಸ್ಟ್ ಎಂಬ ಗಟ್ಟಿ ಕವಚದ ಕಣವಾಗಿ ಬದುಕುತ್ತದೆ. ಒಂದು ಊಸಿಸ್ಟಿನ ಅಡ್ಡಳತೆ 5 ಮೈಕ್ರೋಮೀಟರಿನ ಆಸುಪಾಸು, ನಮ್ಮ ಕೆಂಪು ರಕ್ತಕಣಕ್ಕಿಂತ ಚಿಕ್ಕದು. ಹೊಟ್ಟೆಗೆ ಹೋದಮೇಲೆ ಕವಚ ಬಿಚ್ಚಿ ನಾಲ್ಕು ಮರಿಗಳು ಹೊರಬಂದು ಸಣ್ಣ ಕರುಳಿನ ಗೋಡೆಗೆ ಕಚ್ಚಿಕೊಳ್ಳುತ್ತವೆ. ಅವು ಜೀವಕೋಶದ ಆಳಕ್ಕೆ ಇಳಿಯುವುದಿಲ್ಲ. ಹಪ್ಪಳದ ಮೇಲೆ ಎದ್ದ ಗುಳ್ಳೆಯ ಹಾಗೆ ಕೋಶದ ಮೇಲ್ಪದರವನ್ನೇ ಉಬ್ಬಿಸಿ ಅದರೊಳಗೆ ಕೂರುತ್ತವೆ. ರಕ್ತದ ಮೂಲಕ ಬರುವ ಔಷಧಿಗೂ ಸಿಗದೆ, ಕರುಳಿನೊಳಗೆ ಹರಿಯುವ ಔಷಧಿಗೂ ಸಿಗದೆ ಉಳಿಯುವ ಜಾಗ ಅದು. ಅಲ್ಲಿಯೇ ಮರಿಮಾಡಿ ಹೊಸ ಊಸಿಸ್ಟುಗಳನ್ನು ಬಿಡುತ್ತವೆ. ಅವುಗಳಲ್ಲಿ ತೆಳು ಕವಚದ ಕೆಲವು ಹೊರಗೆ ಹೋಗದೆ ಕರುಳಿನಲ್ಲೇ ಒಡೆದು ಅದೇ ಪ್ರಾಣಿಗೆ ಮತ್ತೆ ಸೋಂಕು ತಗಲಿಸುತ್ತವೆ.

ಕೋಳಿ ಸಾಕುವವರಿಗೆ ಗೊತ್ತಿರುವ ರಕ್ತಭೇದಿಯ ಕಾಕ್ಸಿಡಿಯಾ ಜೀವಿಗೆ ಹೊರಗೆ ಬಂದಮೇಲೆ ಮಾಗಲು ಒಂದೆರಡು ದಿನ ಬೇಕು. ಆ ಬಿಡುವಿನಲ್ಲಿ ಹಿಕ್ಕೆ ಬಳಿದು ತೆಗೆದರೆ ರೋಗ ತಡೆಯಬಹುದು. ಕ್ರಿಪ್ಟೊಸ್ಪೊರಿಡಿಯಂ ಅಂಥ ಬಿಡುವನ್ನೇ ಕೊಡುವುದಿಲ್ಲ. ಸಗಣಿಯಲ್ಲಿ ಬೀಳುವ ಹೊತ್ತಿಗೆ ಅದು ಮುಂದಿನವರಿಗೆ ಅಂಟಲು ತಯಾರಾಗಿರುತ್ತದೆ. ಭೇದಿ ಹತ್ತಿದ ಒಂದು ಕರು ತನ್ನ ಕಾಯಿಲೆಯ ದಿನಗಳಲ್ಲಿ ನೂರಾರು ಕೋಟಿ ಊಸಿಸ್ಟುಗಳನ್ನು ಹೊರಹಾಕಬಲ್ಲದು. ಅಮೆರಿಕದಲ್ಲಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಪ್ರಯೋಗದ ಪ್ರಕಾರ ಅರ್ಧದಷ್ಟು ಜನರಿಗೆ ಸೋಂಕು ತಗಲಲು 132 ಊಸಿಸ್ಟು ಸಾಕು. ಕೆಲವರಿಗೆ 30ರಿಂದಲೇ ತಗಲಿತು. ಉಗುರಿನ ಸಂದಿಯಲ್ಲಿ ಉಳಿದ, ಕಣ್ಣಿಗೆ ಕಾಣದಷ್ಟು ಸಗಣಿ ಇದಕ್ಕೆ ಸಾಕಾಗುತ್ತದೆ.

ಇದು ಮಾಮೂಲಿ ಮಲಪರೀಕ್ಷೆಯಲ್ಲಿ ಕಾಣುವುದೂ ಕಷ್ಟ. ಜಂತುಹುಳುವಿನ ಮೊಟ್ಟೆ ಹುಡುಕುವ ಕಣ್ಣಿಗೆ ಊಸಿಸ್ಟು ಒಂದು ಯೀಸ್ಟ್ ಕಣದಂತೆ ತೋರಿ ತಪ್ಪಿಸಿಕೊಳ್ಳುತ್ತದೆ. ಅದನ್ನು ಹಿಡಿಯುವ ಬಣ್ಣ ಮಾತ್ರ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಹೊಸದಲ್ಲ. ಕ್ಷಯದ ಕಫ ಪರೀಕ್ಷೆಗೆ ದಶಕಗಳಿಂದ ಬಳಸಿದ ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣವೇ ಇಲ್ಲಿಗೂ ಬೇಕು. ಗಾಜಿನ ಮೇಲೆ ಭೇದಿಯ ತೆಳುಪದರ ಹಚ್ಚಿ ಒಣಗಿಸಿ, ಕೆಂಪು ಬಣ್ಣ ಹಾಕಿ, ಕ್ಷಯಕ್ಕೆ ಬಳಸುವುದಕ್ಕಿಂತ ಸಪ್ಪೆಯಾದ ಆಮ್ಲದಲ್ಲಿ ತೊಳೆದು, ಮೇಲೆ ನೀಲಿ ಬಣ್ಣ ಕೊಡುತ್ತಾರೆ. ಸೂಕ್ಷ್ಮದರ್ಶಕದ ಎಣ್ಣೆ ಲೆನ್ಸಿನಲ್ಲಿ ನೋಡಿದರೆ ಎಲ್ಲವೂ ನೀಲಿ. ಆ ನೀಲಿಯ ನಡುವೆ ಅಲ್ಲೊಂದು ಇಲ್ಲೊಂದು ದುಂಡಗಿನ ಗುಲಾಬಿಗೆಂಪು ಚುಕ್ಕೆ, ಒಳಗೆ ಕರಿಯ ಕಾಳುಗಳು. ಕೆಲವು ಬಣ್ಣ ಹಿಡಿಯದೆ ಬರಿಯ ಬಿಳಿ ಉಂಗುರದಂತೆ ನಿಂತಿರುತ್ತವೆ. ಒಮ್ಮೆ ಗುರುತು ಹತ್ತಿದ ತಂತ್ರಜ್ಞರ ಕಣ್ಣು ಮತ್ತೆ ಅದನ್ನು ಬಿಡುವುದಿಲ್ಲ. ಕರುವಿನ ಮಾದರಿಗೂ ಮಗುವಿನ ಮಾದರಿಗೂ ವಿಧಾನ ಒಂದೇ, ಬಣ್ಣ ಒಂದೇ, ಖರ್ಚೂ ಅಷ್ಟೇ ಅಲ್ಪ. ಮಳೆಗಾಲದ ನಾಲ್ಕು ತಿಂಗಳಾದರೂ, ಒಂದು ವಾರ ದಾಟಿದ ಪ್ರತಿ ಭೇದಿಗೂ ಈ ಪರೀಕ್ಷೆ ಆಗಬೇಕು. ಆ ನಾಲ್ಕು ತಿಂಗಳಲ್ಲಿ ಎರಡೂ ಇಲಾಖೆಗಳ ಕೈಗೆ ಸಿಗುವ ಮಾಹಿತಿಗೆ ಲಕ್ಷಗಟ್ಟಲೆ ರೂಪಾಯಿಯ ಯಂತ್ರ ಬೇಕಿಲ್ಲ.

ನೀರಿನ ಮಾತಿಗೆ ಬಂದರೆ ಈ ಜೀವಿಯ ನಿಜವಾದ ಹಟ ಗೊತ್ತಾಗುತ್ತದೆ. ಪಂಚಾಯಿತಿಯವರು ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕಾಲರಾ, ಟೈಫಾಯ್ಡ್ ರೋಗಾಣುಗಳು ಸಾಯುತ್ತವೆ. ಅದನ್ನು ಕಡೆಗಣಿಸುವ ಮಾತೇ ಇಲ್ಲ. ಆದರೆ ಒಂದು ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ ನೀರಿನಲ್ಲಿ ಈ ಊಸಿಸ್ಟನ್ನು ನಿಷ್ಕ್ರಿಯಗೊಳಿಸಲು ಹತ್ತು ದಿನಕ್ಕೂ ಹೆಚ್ಚು ಕಾಲ ಬೇಕು. ತಂಪು ನೀರಿನಲ್ಲಿ ಅದು ತಿಂಗಳುಗಟ್ಟಲೆ ಬದುಕುತ್ತದೆ. ಫಿನಾಯಿಲ್‌ಗೂ ಬಗ್ಗುವುದಿಲ್ಲ, ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಸ್ಯಾನಿಟೈಜರಿಗೂ ಬಗ್ಗುವುದಿಲ್ಲ. ಮನೆಯ ಮಟ್ಟದಲ್ಲಿ ಅದು ಸೋಲುವುದು ಎರಡಕ್ಕೆ. ಒಂದು ಕುದಿಯುವ ನೀರಿನ ಬಿಸಿ, ಇನ್ನೊಂದು ಪೂರ್ತಿ ಒಣಗುವಿಕೆ. ಬೇಸಿಗೆಯ ಬಿಸಿಲಿಗೆ ಒಣಗಿದ ಅಂಗಳದಲ್ಲಿ ಕೆಲವು ಗಂಟೆಗಳಲ್ಲಿ ಸಾಯುವ ಜೀವಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗುಡ್ಡಗಳಲ್ಲಿ ಹಾಯಾಗಿರುತ್ತದೆ. ಸೊಪ್ಪು ಹಾಸಿದ ಕೊಟ್ಟಿಗೆ ಆ ನಾಲ್ಕು ತಿಂಗಳು ಒಣಗುವ ಮಾತೇ ಇಲ್ಲವಲ್ಲ.

ಕ್ಲೋರಿನ್ನಿನ ಈ ಸೋಲನ್ನು ಜಗತ್ತು ಕಂಡದ್ದು 1993ರ ವಸಂತದಲ್ಲಿ, ಅಮೆರಿಕದ ಮಿಲ್ವಾಕಿ ನಗರದಲ್ಲಿ. ಮಿಚಿಗನ್ ಸರೋವರದ ನೀರನ್ನು ಶುದ್ಧೀಕರಿಸಿ ಕೊಡುವ ಎರಡು ಘಟಕಗಳಲ್ಲಿ ದಕ್ಷಿಣದ ಘಟಕದಿಂದ ಹೊರಬಂದ ನೀರು ಕೆಲವು ದಿನ ತುಸು ಕಲಕಾಗಿತ್ತು, ಅಷ್ಟೆ. ಕ್ಲೋರಿನ್ ಸರಿಯಾಗಿಯೇ ಇತ್ತು. ಆದರೂ ಸುಮಾರು 4 ಲಕ್ಷ 3 ಸಾವಿರ ಜನರಿಗೆ ಭೇದಿಯಾಯಿತು ಎಂಬ ಅಂದಾಜು ಆಮೇಲೆ ಬಂತು. ಸತ್ತವರಲ್ಲಿ ಹೆಚ್ಚಿನವರು ಏಡ್ಸ್‌ನಿಂದ ಬಳಲಿದ್ದವರು. ಕರಗಿದ ಹಿಮದ ನೀರಿನೊಡನೆ ಹರಿದು ಬಂದ ದನದ ಸಗಣಿಯೇ ಕಾರಣವಿರಬೇಕು ಎಂದು ಮೊದಲು ಬೆರಳು ಹೋಯಿತು. ಕೆಲವು ವರ್ಷಗಳ ನಂತರ, ಉಳಿಸಿಟ್ಟಿದ್ದ ರೋಗಿಗಳ ಮಾದರಿಗಳ ವಂಶವಾಹಿ ಪರೀಕ್ಷಿಸಿದಾಗ ಅದು ದನದ ಜಾತಿಯಲ್ಲ, ಮನುಷ್ಯರಿಂದ ಮನುಷ್ಯರಿಗೆ ಹರಡುವ ಜಾತಿ ಎಂದು ತಿಳಿಯಿತು. ಊರಿನ ಕೊಳಚೆ ನೀರೇ ಊರಿನ ಕುಡಿಯುವ ನೀರಿಗೆ ಬಂದಿರಬೇಕು. ಆ ಜಾತಿಗೆ 2002ರಲ್ಲಿ ಹೋಮಿನಿಸ್ ಎಂಬ ಪ್ರತ್ಯೇಕ ಹೆಸರು ಬಂತು. ಪಾರ್ವಮ್ ಮಾತ್ರ ಕರುವಿಗೂ ಮನುಷ್ಯರಿಗೂ ಸಮಾನವಾಗಿ ಒಗ್ಗುತ್ತದೆ.

ಹಾಗೆಂದು ಕರುವಿನ ಪಾತ್ರವೇ ಇಲ್ಲವೆಂದು ತಿಳಿಯಬಾರದು. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ರೋಗ ಹಬ್ಬಿ ಲಕ್ಷಾಂತರ ದನ ಕುರಿಗಳನ್ನು ಕೊಂದರು, ಹೊಲಗಳಿಗೆ ಜನ ಹೋಗದಂತೆ ತಡೆದರು. ಆ ವರ್ಷದ ವಸಂತದಲ್ಲಿ, ಅಂದರೆ ಕರು ಕುರಿಮರಿಗಳು ಹುಟ್ಟುವ ಕಾಲದಲ್ಲಿ, ಮನುಷ್ಯರ ಕ್ರಿಪ್ಟೊಸ್ಪೊರಿಡಿಯಂ ಪ್ರಕರಣಗಳು ಎಂದಿಗಿಂತ ಬಹಳ ಕಡಿಮೆಯಾದವು. ಯಾರೂ ಬಯಸದ ರೀತಿಯಲ್ಲಿ ನಡೆದುಹೋದ ಪ್ರಯೋಗವದು. 2011ರಲ್ಲಿ ಅಮೆರಿಕದ ಮಿಚಿಗನ್‌ನಲ್ಲಿ ಕರುಗಳಿದ್ದ ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಅಲ್ಲಿನ ನೀರನ್ನೇ ಬಳಸಿ ಬೆಂಕಿ ನಂದಿಸಿದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಹಲವರು ಮುಂದಿನ ದಿನಗಳಲ್ಲಿ ಇದೇ ಭೇದಿಗೆ ಬಿದ್ದರು. ಕರುಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯ ವಿದ್ಯಾರ್ಥಿಗಳಲ್ಲಿ ಈ ರೋಗ ಗುಂಪಾಗಿ ಕಾಣಿಸಿಕೊಂಡ ವರದಿಗಳು ಹಲವು ದೇಶಗಳಿಂದ ಬಂದಿವೆ.

ನಮ್ಮ ಪಕ್ಕದ ವೆಲ್ಲೂರಿನಲ್ಲಿ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಗಗನದೀಪ್ ಕಾಂಗ್ ಮತ್ತು ಅವರ ತಂಡ ಕೊಳೆಗೇರಿಯ ಮಕ್ಕಳನ್ನು ಹುಟ್ಟಿನಿಂದ ವರ್ಷಗಟ್ಟಲೆ ಹಿಂಬಾಲಿಸಿ ಮಾಡಿದ ಕೆಲಸ ಈ ವಿಷಯದಲ್ಲಿ ಭಾರತದ ದೊಡ್ಡ ಆಸ್ತಿ. ಅಲ್ಲಿ ಹೆಚ್ಚಾಗಿ ಕಂಡದ್ದು ಮನುಷ್ಯರ ಜಾತಿಯಾದ ಹೋಮಿನಿಸ್. ಆ ತಂಡ 2013ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಮತ್ತೂ ಯೋಚನೆಗೆ ಹಚ್ಚುತ್ತದೆ. ಬಾಟಲಿಯ ಶುದ್ಧ ನೀರು ಕುಡಿದ ಮಕ್ಕಳಿಗೂ ನಗರಸಭೆಯ ನೀರು ಕುಡಿದ ಮಕ್ಕಳಿಗೂ ಸೋಂಕಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಲೋಟದ ನೀರು ಶುದ್ಧವಾದರೂ ಕೈ, ನೆಲ, ಪಾತ್ರೆ, ಪಕ್ಕದ ಮಗು ಎಲ್ಲವೂ ದಾರಿಗಳೇ. ಅದೇ ವರ್ಷ ಕೋಲ್ಕತ್ತವೂ ಸೇರಿದಂತೆ ಏಷ್ಯಾ ಆಫ್ರಿಕಾದ ಏಳು ಕಡೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ ಬಂದಾಗ, ಪುಟ್ಟ ಮಕ್ಕಳ ತೀವ್ರ ಭೇದಿಯ ನಾಲ್ಕು ಮುಖ್ಯ ಕಾರಣಗಳಲ್ಲಿ ಕ್ರಿಪ್ಟೊಸ್ಪೊರಿಡಿಯಂ ಒಂದಾಗಿತ್ತು. ಒಂದು ವರ್ಷದೊಳಗಿನ ಕೂಸುಗಳಲ್ಲಿ ರೋಟಾ ವೈರಸ್ಸಿನ ನಂತರದ ಸ್ಥಾನ ಅದರದು. ರೋಟಾಗೆ ಲಸಿಕೆ ಬಂದಿದೆ, ಅಂಗನವಾಡಿಯಲ್ಲೇ ಹನಿ ಹಾಕುತ್ತಾರೆ. ಇದಕ್ಕೆ ಮನುಷ್ಯರ ಲಸಿಕೆ ಇಲ್ಲ. ಭೇದಿ ನಿಂತ ಮೇಲೂ ಮಗು ಬೆಳವಣಿಗೆಯಲ್ಲಿ ಹಿಂದೆ ಬೀಳುತ್ತದೆ ಎಂಬುದನ್ನು ಪೆರು ದೇಶದ ಮಕ್ಕಳಲ್ಲಿ 1998ರಲ್ಲೇ ತೋರಿಸಿದ್ದಾರೆ. ಮೊದಲ ಆರು ತಿಂಗಳೊಳಗೆ ಸೋಂಕು ತಗಲಿದ ಕೂಸುಗಳು ಒಂದು ವರ್ಷದ ನಂತರವೂ ಸುಮಾರು ಒಂದು ಸೆಂಟಿಮೀಟರ್ ಕುಳ್ಳಗೇ ಉಳಿದಿದ್ದವು.

ವೆಲ್ಲೂರಿನ ಕೊಳೆಗೇರಿಯ ಉತ್ತರವನ್ನು ಹೆಗ್ಗದ್ದೆಗೆ ಹಾಗೆಯೇ ತಂದು ಅಂಟಿಸಲಾಗದು. ಇಲ್ಲಿಯ ಮನೆಗೂ ಕೊಟ್ಟಿಗೆಗೂ ಎಷ್ಟೋ ಕಡೆ ಒಂದೇ ಸೂರು, ಇಲ್ಲವೇ ಒಂದೇ ಅಂಗಳ. ಎಸ್ಟೇಟಿನ ಲೈನ್ ಮನೆಗಳಲ್ಲಿ ಹತ್ತಾರು ಸಂಸಾರಕ್ಕೆ ಒಂದೇ ನಲ್ಲಿ, ಹಿತ್ತಿಲಲ್ಲಿ ಒಬ್ಬರ ಹಸು, ಮತ್ತೊಬ್ಬರ ಮೇಕೆ. ಗುಡ್ಡದ ಒರತೆಗೆ ಕರಿ ಪೈಪು ಸಿಕ್ಕಿಸಿ ಇಳಿಜಾರಿನ ಬಲದಲ್ಲೇ ಅಡುಗೆಮನೆಗೆ ತಂದ ನೀರು ಸ್ಫಟಿಕದಂತಿರುತ್ತದೆ, ಅದರ ರುಚಿಯ ಬಗ್ಗೆ ಮನೆಯವರಿಗೆ ಹೆಮ್ಮೆಯೂ ಇದೆ. ಒರತೆಯ ಮೇಲ್ಭಾಗದಲ್ಲಿ ದನ ಮೇಯುತ್ತಿದ್ದರೆ ಜೋರು ಮಳೆಯ ದಿನ ಆ ತಿಳಿನೀರನ್ನು ನಂಬುವಂತಿಲ್ಲ. ಮಳೆಗಾಲದಲ್ಲಿ ಬಿಸಿನೀರು ಕುಡಿಯುವ ಮಲೆನಾಡಿನ ರೂಢಿ ಬಹಳ ಒಳ್ಳೆಯದು, ಒಂದು ನಿಮಿಷದ ಪೂರ್ತಿ ಕುದಿತಕ್ಕೆ ಈ ಜೀವಿ ಉಳಿಯುವುದಿಲ್ಲ. ಆದರೆ ಅದೇ ಮನೆಯಲ್ಲಿ ಮಜ್ಜಿಗೆಗೆ ಸುರಿಯುವುದು ತಣ್ಣೀರು. ಕೂಸಿನ ಲೋಟ ಅಲುಬುವುದು ತಣ್ಣೀರು. ಮಗು ಅಂಗಳದಲ್ಲಿ ಬಾಯಿಗೆ ಹಾಕಿಕೊಳ್ಳುವ ಕೈಯನ್ನು ಕೇಳುವವರೇ ಇಲ್ಲ. ಡೈರಿಗೆ ಹೋದ ಹಾಲು ಪಾಶ್ಚರೀಕರಣದಲ್ಲಿ ಶುದ್ಧವಾಗುತ್ತದೆ, ಮನೆಯಲ್ಲಿ ಕಾಯಿಸಿದ ಹಾಲಿಗೂ ಭಯವಿಲ್ಲ. ಕೆಚ್ಚಲಿನಿಂದ ಕರೆದ ನೊರೆಹಾಲನ್ನು ಹಾಗೆಯೇ ಮಗುವಿಗೆ ಕುಡಿಸುವುದನ್ನು ಮಾತ್ರ ಬಿಡಬೇಕು.

ಈ ಗುಡ್ಡಗಳ ನೀರು ಇಲ್ಲಿಯವರದಷ್ಟೇ ಅಲ್ಲ. ಪೂರ್ವಕ್ಕೆ ಇಳಿದದ್ದು ಹೇಮಾವತಿ ಸೇರಿ ಗೊರೂರಿನ ಜಲಾಶಯಕ್ಕೆ, ಅಲ್ಲಿಂದ ಕಾವೇರಿಗೆ. ಪಶ್ಚಿಮಕ್ಕೆ ಇಳಿದದ್ದು ಕೆಂಪುಹೊಳೆ, ಗುಂಡ್ಯ ಹೊಳೆಗಳ ದಾರಿಯಲ್ಲಿ ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ. ಈಗ ಮೂರನೆಯ ದಿಕ್ಕೂ ಸೇರಿದೆ. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ಪಡೆದ ಎತ್ತಿನಹೊಳೆ ಯೋಜನೆ ಇಲ್ಲಿಯ ಹಳ್ಳಗಳ ಮಳೆಗಾಲದ ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರದಂಥ ಬಯಲು ಜಿಲ್ಲೆಗಳ ಕುಡಿಯುವ ನೀರಿಗೆ ಒಯ್ಯುವ ಉದ್ದೇಶದ್ದು. ಆಲಂ ಹಾಕಿ ಕೆಸರು ಕೂರಿಸಿ ಮರಳಿನಲ್ಲಿ ಚೆನ್ನಾಗಿ ಸೋಸಿದರೆ ಊಸಿಸ್ಟುಗಳಲ್ಲಿ ಬಹುಪಾಲು ತಡೆಯಬಹುದು. ನೇರಳಾತೀತ ಬೆಳಕೂ ಅವನ್ನು ಕೆಡಿಸುತ್ತದೆ. ಅಂದರೆ ಈ ನೀರಿಗೆ ಕೊನೆಯ ಊರಿನಲ್ಲಿ ಸೋಸುವ ವ್ಯವಸ್ಥೆ ಕಟ್ಟುನಿಟ್ಟಾಗಿರಬೇಕು, ಬರಿಯ ಕ್ಲೋರಿನ್ ಮಾಪಕ ನೋಡಿ ತೃಪ್ತಿಪಡಬಾರದು. ಹಾಗೆಯೇ ಮೇಲಿನ ಊರಿನ ತಿಪ್ಪೆಗುಂಡಿ ಹಳ್ಳದ ಅಂಚಿನಿಂದ ದೂರವಿರುವುದಕ್ಕೆ ಕೆಳಗಿನ ಊರಿನವರು ಕಾಸು ಕೊಡುವುದೂ ನ್ಯಾಯವೇ. ನೀರು ಪಡೆಯುವವರು ಕೊಟ್ಟಿಗೆಯ ಸಿಮೆಂಟು ನೆಲಕ್ಕೆ, ಮುಚ್ಚಿದ ಗೊಬ್ಬರಗುಂಡಿಗೆ ಸಹಾಯಧನ ಕೊಟ್ಟರೆ ಅದು ದಾನವಲ್ಲ, ಜಲಮೂಲದ ದುರಸ್ತಿ.

ಪ್ರಾಣಿಯ ರೋಗವನ್ನು ಮನುಷ್ಯರ ರೋಗದ ಜೊತೆ ಓದುವುದು ಮಲೆನಾಡಿಗೆ ಹೊಸ ಪಾಠವೇನಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದದ್ದನ್ನೂ ಜನರ ಜ್ವರವನ್ನೂ ಸೇರಿಸಿ ನೋಡಿದ್ದರಿಂದಲೇ ಮಂಗನ ಕಾಯಿಲೆಯ ವೈರಸ್ ಸಿಕ್ಕಿತು. ಇಂದಿಗೂ ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂದು ಶಾಲೆಯ ಮಕ್ಕಳಿಗೂ ಗೊತ್ತು. ಸಾಯುವ ಮಂಗಕ್ಕೆ ಸಿಕ್ಕ ಆ ಗಮನ ಸಾಯುವ ಕರುವಿಗೆ ಇನ್ನೂ ಸಿಕ್ಕಿಲ್ಲ.

ಇನ್ನು ಚಿಕಿತ್ಸೆ. ಮಗುವಿಗೆ ಓಆರ್‌ಎಸ್, ಎದೆಹಾಲು, ಎಂದಿನ ಊಟ. ಜೊತೆಗೆ 14 ದಿನ ಸತುವಿನ ಮಾತ್ರೆ, ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕ ಕೂಸಿಗೆ 10. ನೈಟಜೊಕ್ಸನೈಡ್ ಎಂಬ ಔಷಧಿಗೆ ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ವೈದ್ಯರೇ ನೋಡಿ ಕೊಡಬೇಕು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದರ ಪ್ರಯೋಜನ ಅಷ್ಟಕ್ಕಷ್ಟೆ. ಎಚ್‌ಐವಿ ಇರುವವರಿಗೆ ತಿಂಗಳುಗಟ್ಟಲೆ ನಿಲ್ಲದ ಈ ಭೇದಿ ಒಂದು ಕಾಲಕ್ಕೆ ಮರಣಶಾಸನವೇ ಆಗಿತ್ತು. 2004ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿರುವ ಎಆರ್‌ಟಿ ಮಾತ್ರೆಗಳು ಮೈಯ ಶಕ್ತಿಯನ್ನು ಮರಳಿಸಿದರೆ ಕರುಳು ತಾನೇ ಈ ಜೀವಿಯನ್ನು ಹೊರದಬ್ಬುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು ಮನೆಯಲ್ಲಿದ್ದರೆ ಭೇದಿ ಹತ್ತಿದ ಕರುವಿನ ಆರೈಕೆಯನ್ನು ಬೇರೆಯವರು ವಹಿಸಿಕೊಳ್ಳಬೇಕು.

ಕರುವಿಗೂ ಅದೇ ನಿಯಮ. ಹಾಲು ನಿಲ್ಲಿಸಬಾರದು, ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಬೇಕು, ನಡುವೆ ಉಪ್ಪು–ಗ್ಲೂಕೋಸಿನ ದ್ರಾವಣ. ಕಣ್ಣು ಗುಳಿಬಿದ್ದು ಮಲಗಿದ ಕರುವಿಗೆ ಬಾಯಿಯ ದ್ರಾವಣ ಸಾಲದು, ಪಶುವೈದ್ಯರು ರಕ್ತನಾಳಕ್ಕೆ ಡ್ರಿಪ್ ಹಾಕಬೇಕು. ಭೇದಿಯ ಕರುವನ್ನು ಉಳಿದ ಕರುಗಳಿಂದ ಬೇರೆ ಕಟ್ಟಿ, ಅದರ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಮಾಡಬೇಕು. ಒದ್ದೆ ಸೊಪ್ಪು ತೆಗೆದು, ಬಚ್ಚಲ ಹಂಡೆಯಲ್ಲಿ ಕುದಿಸಿದ ನೀರನ್ನು ನೆಲಕ್ಕೆ ಸುರಿಯುವುದು ಯಾವ ಫಿನಾಯಿಲ್‌ಗಿಂತಲೂ ಮೇಲು. ಕೆಲಸ ಮುಗಿಸಿ ಬಂದವರು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಉಗುರಿನ ಸಂದಿಯವರೆಗೆ ತಿಕ್ಕಬೇಕು. ಸೋಪು ಈ ಜೀವಿಯನ್ನು ಕೊಲ್ಲುವುದಿಲ್ಲ, ಕೈಯಿಂದ ಜಾರಿಸಿ ಕಳಿಸುತ್ತದೆ. ಅಷ್ಟು ಸಾಕು.

2023ರ ಕೊನೆಯಲ್ಲಿ ಯುರೋಪಿನಲ್ಲಿ ಮೊದಲ ಸಲ ಕರುಗಳ ಈ ಭೇದಿಗೆಂದು ಒಂದು ಲಸಿಕೆಗೆ ಒಪ್ಪಿಗೆ ಸಿಕ್ಕಿದೆ. ಚುಚ್ಚುವುದು ಕರುವಿಗಲ್ಲ, ಗಬ್ಬದ ಹಸುವಿಗೆ, ಈಯುವ ಮೊದಲಿನ ಕೊನೆಯ ತಿಂಗಳುಗಳಲ್ಲಿ. ತಾಯಿಯ ಮೈಯಲ್ಲಿ ಹುಟ್ಟಿದ ರಕ್ಷಣೆ ಕರುವಿಗೆ ದಾಟುವುದು ಗಿಣ್ಣುಹಾಲಿನಲ್ಲಿ. ಅಲ್ಲಿಯ ಲಸಿಕೆ ಹಾಸನ ಹಾಲು ಒಕ್ಕೂಟದ ಸದಸ್ಯರ ಕೊಟ್ಟಿಗೆಗೆ ಬರುವವರೆಗೆ ಗಿಣ್ಣು ತನ್ನ ಎಂದಿನ ಕೆಲಸ ಮಾಡುತ್ತಲೇ ಇರುತ್ತದೆ. ಅದು ಈ ಒಂದು ರೋಗವನ್ನು ಪೂರ್ತಿ ತಡೆಯದಿದ್ದರೂ ಇ. ಕೋಲೈ, ರೋಟಾ ಮುಂತಾದವು ಜೊತೆಗೂಡಿ ಕರುವನ್ನು ಕೆಡಹುವುದನ್ನು ತಪ್ಪಿಸುತ್ತದೆ. ಹುಟ್ಟಿದ ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ 25–30 ಕೆ.ಜಿ.ಯ ಮಿಶ್ರತಳಿ ಕರುವಿಗೆ ಎರಡೂವರೆಯಿಂದ ಮೂರು ಲೀಟರ್ ಗಿಣ್ಣು ಬೇಕು. ಅದರ ಮೊದಲ ಪಾಲು ಎರಡು ಗಂಟೆಯೊಳಗೆ ಹೊಟ್ಟೆ ಸೇರಬೇಕು, ಕಸ ಬೀಳಲಿ ಎಂದು ಕಾಯಬಾರದು. ಬೆಲ್ಲ ಏಲಕ್ಕಿ ಹಾಕಿ ಕಾಯಿಸಿ ನೆರೆಮನೆಗೆ ಬಟ್ಟಲು ಕಳಿಸುವ ಸಂಭ್ರಮಕ್ಕೆ ಮೂರನೇ ದಿನದ ಹಾಲು ಧಾರಾಳವಾಗಿ ಸಾಕು.